ಕರಿ ಹಿಡಿಯದ ತಂತಿ

ಹೋದ ತಿಂಗಳು ಅವರು ತೀರಿಕೊಂಡಾಗ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಬಂದ ಸಂದೇಶಗಳನ್ನೆಲ್ಲ ಕೂತು ಓದಿದೆ. ಒಳ್ಳೆಯ ಹೆಂಗಸು, ಪತಿಗೆ ತಕ್ಕ ಸತಿ, ಯುಗಾದಿ ಪಾಟ್‌ಲಕ್ಕಿಗೆ ಅವರು ತರುತ್ತಿದ್ದ ಬಿಸಿಬೇಳೆಬಾತ್ ಮರೆಯುವ ಹಾಗಿಲ್ಲ, ಓಂ ಶಾಂತಿ. ಅವರ ಬಿಸಿಬೇಳೆಬಾತ್ ಚೆನ್ನಾಗಿರುತ್ತಿರಲಿಲ್ಲ. ಪುಡಿ ಅಂಗಡಿಯದು, ಬೇಳೆ ಯಾವಾಗಲೂ ಅರೆಬೆಂದದ್ದು. ಅವರೇ ಅದನ್ನು ಹೇಳುತ್ತಿದ್ದರು. ಅವರ ಕೈ ನಿಜವಾಗಿ ಪಳಗಿದ್ದ ಕೆಲಸ ಬೇರೆ ಒಂದಿತ್ತು. ಅದರ ಬಗ್ಗೆ ಗುಂಪಿನಲ್ಲಿ ಒಬ್ಬರೂ ಒಂದಕ್ಷರ ಬರೆಯಲಿಲ್ಲ. ಆ ಕೆಲಸದಿಂದ ಉಪಕಾರ ಪಡೆದವರು ಆ ಗುಂಪಿನಲ್ಲೇ ಹಲವರಿದ್ದಾರೆ. ನನಗೆ ಮುಖಗಳೂ ಗೊತ್ತು, ಯಾಕೆಂದರೆ ನಾನೂ ಅವರಲ್ಲಿ ಒಬ್ಬಳು.

ಅವರು ಇ-ಸಿಗರೇಟ್ ರಿಪೇರಿ ಮಾಡುತ್ತಿದ್ದರು.

ಈಗ ಎಲ್ಲರೂ ವೇಪ್ ಅನ್ನುತ್ತಾರೆ. ಹೈಸ್ಕೂಲ್ ಮಕ್ಕಳ ಬ್ಯಾಗಿನಲ್ಲಿ ಬಣ್ಣಬಣ್ಣದವು ಸಿಕ್ಕಿಬೀಳುತ್ತವೆ, ಮುಗಿದರೆ ಬಿಸಾಡಿ ಇನ್ನೊಂದು ಕೊಳ್ಳುವುದು. ನಾನು ಹೇಳುತ್ತಿರುವುದು ರಿಸೆಷನ್ನಿನ ಕಾಲದ ಮಾತು. ಆಗ ಅವು ಚೀನಾದಿಂದ ಪೋಸ್ಟಿನಲ್ಲಿ ಬರುತ್ತಿದ್ದವು. ಸಿಗರೇಟಿನಷ್ಟೇ ದಪ್ಪದ ಒಂದು ಬ್ಯಾಟರಿ, ಅದರ ತುದಿಗೆ ಕೂದಲಿನಂಥ ತಂತಿಯ ಸುರುಳಿ, ನಿಕೋಟಿನ್ ದ್ರವವನ್ನು ಹೀರಿಟ್ಟುಕೊಳ್ಳಲು ಒಂದಿಷ್ಟು ಹತ್ತಿ. ಬಾಯಲ್ಲಿಟ್ಟು ಎಳೆದರೆ ತಂತಿ ಕಾದು ದ್ರವ ಹಬೆಯಾಗುತ್ತಿತ್ತು. ದಿನಾ ಎಳೆಯುವವರ ತಂತಿಯ ಮೇಲೆ ಒಂದೆರಡು ವಾರದಲ್ಲಿ ಸೀದ ಬೆಲ್ಲದ ಹಾಗೆ ಕರಿ ಕಟ್ಟುತ್ತಿತ್ತು. ಆಮೇಲೆ ಸುಟ್ಟ ವಾಸನೆ, ಆಮೇಲೆ ಅದು ಸತ್ತೇ ಹೋಗುತ್ತಿತ್ತು. ಹೊಸದು ತರಿಸಿದರೆ ಬರುವುದಕ್ಕೆ ತಿಂಗಳು. ಆ ಒಂದು ತಿಂಗಳಲ್ಲಿ ಮನುಷ್ಯ ತಿರುಗಿ ಸಿಗರೇಟಿಗೆ ಹೋಗಿಬಿಡುತ್ತಿದ್ದ. ಅಂಥವರಿಗೆ ಈ ಹೆಂಗಸು ದಿಕ್ಕು.

ಅವರ ಮನೆ ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ನಿನಲ್ಲಿ ನಮ್ಮ ಸಬ್‌ಡಿವಿಷನ್ನಿನಲ್ಲೇ, ಮೂರು ಬೀದಿ ಆಚೆ. ಮೈಸೂರಿನವರು. ಎಲೆಕ್ಟ್ರಾನಿಕ್ಸ್ ಓದಿ, ಇಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೀಟರುಗಳನ್ನು ಮಾಡುವ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದರು. ಕಾರು ಕಂಪನಿಗಳು ಕೆಳಗೆ ಬಿದ್ದ ವರ್ಷ ಆ ಪ್ಲಾಂಟೂ ಮುಚ್ಚಿತು. ನಾನು ಒಂದು ಕಾರು ಕಂಪನಿಯ ಐಟಿ ಕಾಂಟ್ರಾಕ್ಟಿನಲ್ಲಿದ್ದೆ. ನನ್ನದೂ ಹೋಯಿತು. ಆ ಚಳಿಗಾಲ ನಮ್ಮ ಸಬ್‌ಡಿವಿಷನ್ನಿನಲ್ಲಿ ವಾರದ ದಿನವೂ ಎಲ್ಲ ಮನೆಗಳ ಡ್ರೈವ್‌ವೇಯಲ್ಲಿ ಕಾರುಗಳು ನಿಂತೇ ಇರುತ್ತಿದ್ದವು.

ಪರಿಚಯವಾದದ್ದು ಯಾರದೋ ಮಗುವಿನ ಬರ್ತ್‌ಡೇ ಪಾರ್ಟಿಯಲ್ಲಿ. ನಾನು ಕಾರಿಗೆ ಹೋಗಿ ಒಂದು ಸಿಗರೇಟು ಸೇದಿ, ಎರಡು ಏಲಕ್ಕಿ ಅಗಿದು ಒಳಗೆ ಬಂದಿದ್ದೆ. ನಾನು ಸಿಗರೇಟು ಸೇದುತ್ತೇನೆ ಅನ್ನುವುದು ನನ್ನ ಗಂಡನಿಗೂ ಗೊತ್ತಿರಲಿಲ್ಲ. ಅವರು ಪ್ಲೇಟು ಹಿಡಿದು ನನ್ನ ಪಕ್ಕ ನಿಂತರು. ಎತ್ತರದ ತೆಳ್ಳನೆಯ ಹೆಂಗಸು, ಕತ್ತರಿಸಿದ ನರೆಗೂದಲು, ನಗು ಅನ್ನುವುದೇ ಇಲ್ಲದ ಮುಖ.

"ಏಲಕ್ಕಿ ತಿಂದ್ರೆ ವಾಸನೆ ಹೋಗಲ್ಲಮ್ಮ" ಅಂದರು, ಸಮೋಸದ ಕಡೆಗೇ ನೋಡುತ್ತ. "ಅದರ ಜೊತೆಗೆ ಏಲಕ್ಕಿ ವಾಸನೆಯೂ ಸೇರ್ಕೊಳುತ್ತೆ, ಅಷ್ಟೆ."

"ಆಂಟಿ, ಅದು..." ಅಂದೆ.

"ಆಂಟಿ ಅಂತ ನಿನ್ನ ಮಗಳು ಕರೀಲಿ. ನಾಳೆ ಬಾ. ಗರಾಜಿನ ಪಕ್ಕದಲ್ಲಿ ಒಂದು ಬಾಗಿಲಿದೆ, ಅಲ್ಲಿಗೆ ಬಾ. ಮುಂದಿನ ಬಾಗಿಲಿಗೆ ಬಂದ್ರೆ ಕಾಫಿ ಮಾಡ್ಬೇಕಾಗುತ್ತೆ."

ಅವತ್ತಿನಿಂದ ಅವರು ನನಗೆ ಅಕ್ಕ. ಪಕ್ಕದ ಬಾಗಿಲಿಗೆ ಬಂದವರಿಗೆ ಅವರು ಕಾಫಿ ಕೊಡುತ್ತಿರಲಿಲ್ಲ. ಬೈಗುಳ ಮಾತ್ರ ಕೊಡುತ್ತಿದ್ದರು. ಗರಾಜಿನ ಗೋಡೆಗೆ ಒತ್ತಿ ಒಂದು ಹಳೆಯ ಡೈನಿಂಗ್ ಟೇಬಲ್, ಅದರ ಕೆಳಗೊಂದು ಸಣ್ಣ ಹೀಟರು. ಗಂಡನ ಹಳೆಯ ಶರ್ಟು ಹಾಕಿಕೊಂಡು, ಗಡಿಯಾರ ರಿಪೇರಿಯವರ ಭೂತಗನ್ನಡಿಯನ್ನು ಹಣೆಗೇರಿಸಿ ಕೂತಿರುತ್ತಿದ್ದರು. ನಾವು ಕೊಟ್ಟದ್ದನ್ನು ಬಿಚ್ಚಿ ಮೂಸಿ ನೋಡಿ, "ಥೂ, ಒಲೆಯ ಬಾಯಿ ಇದಕ್ಕಿಂತ ಚೊಕ್ಕಟವಾಗಿರುತ್ತೆ" ಅನ್ನುತ್ತಿದ್ದರು. ಆಮೇಲೆ ಬಿಸಿನೀರು, ಆಮೇಲೆ ವೋಡ್ಕಾದಲ್ಲಿ ಒಂದಿಷ್ಟು ಹೊತ್ತು ನೆನೆ. ಮಡಿ ಮನೆಯಿಂದ ಬಂದ ಆ ಹೆಂಗಸಿನ ಗರಾಜಿನಲ್ಲಿ ವೋಡ್ಕಾ ಬಾಟಲಿ ಇರುತ್ತಿತ್ತು. ಆ ಮನೆಯಲ್ಲಿ ಅದನ್ನು ಕುಡಿಯುತ್ತಿದ್ದದ್ದು ತಂತಿಗಳು ಮಾತ್ರ. ನೆನೆದದ್ದನ್ನು ಒಣಗಿಸಿ, ದ್ರವ ಹಾಕದೆ ಬರೀ ತಂತಿಯನ್ನು ಕೆಂಪಗೆ ಕಾಯಿಸಿದರೆ ಕರಿಯೆಲ್ಲ ಉದುರುತ್ತಿತ್ತು. ಉದುರದಿದ್ದರೆ ಹಳೆಯದನ್ನು ಕಿತ್ತು ಹೊಸ ತಂತಿಯನ್ನು ತಾವೇ ಸುತ್ತುತ್ತಿದ್ದರು, ಕೆಳದುಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು. ಚೀನಾದ ಹತ್ತಿಯನ್ನು ತೆಗೆದೆಸೆದು, ಮೀನಿನ ತೊಟ್ಟಿಯ ಫಿಲ್ಟರಿಗೆ ಹಾಕುವ ನೀಲಿ ಫೋಮನ್ನು ಕತ್ತರಿಸಿ ತುರುಕುತ್ತಿದ್ದರು. ಹಾಗೆ ಮಾಡಿದರೆ ಹೊಸದಕ್ಕಿಂತ ಚೆನ್ನಾಗಿ ಎಳೆಯುತ್ತಿತ್ತು.

ಬ್ಯಾಟರಿ ವಿಷಯದಲ್ಲಿ ಮಾತ್ರ ಅವರು ರಾಕ್ಷಸಿ. ಯಾರೋ ಒಬ್ಬರು ಅಗ್ಗದ ಬ್ಯಾಟರಿಯನ್ನು ಟೇಪ್ ಸುತ್ತಿ ತುರುಕಿಕೊಂಡು ಬಂದಿದ್ದರು. ನಮ್ಮ ಕೂಟದ ಆಗಿನ ಅಧ್ಯಕ್ಷರು ಅಂತಲೇ ಹೇಳಿಬಿಡುತ್ತೇನೆ, ಈಗ ಯಾರಿಗೇನು ನಷ್ಟ. ಅಕ್ಕ ಅದನ್ನು ಕಿತ್ತು ಮರಳಿನ ಬಕೆಟ್ಟಿಗೆ ಹಾಕಿದರು.

"ಅದು ನಂದು" ಅಂದರು ಅಧ್ಯಕ್ಷರು.

"ನಿಮ್ಮ ತುಟಿನೂ ನಿಮ್ಮದೇ. ಒಂದು ದಿನ ಎರಡೂ ಒಟ್ಟಿಗೆ ಹಾರಿಹೋಗುತ್ತೆ. ಬುಧವಾರ ಬನ್ನಿ, ಸರಿಯಾದ್ದು ಹಾಕಿಟ್ಟಿರ್ತೀನಿ."

ದುಡ್ಡು ಮುಟ್ಟುತ್ತಿರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ದುಡ್ಡು ಮುಟ್ಟಿದ್ರೆ ಅಂಗಡಿ ಆಗುತ್ತೆ. ಅಂಗಡಿ ಆದ್ರೆ ಬಂದವರಿಗೆಲ್ಲ ನಗಬೇಕು" ಅಂದರು. ನಮ್ಮವರಿಗಿಂತ ಹೆಚ್ಚಾಗಿ ಬರುತ್ತಿದ್ದವರು ಪ್ಲಾಂಟುಗಳಲ್ಲಿ ಕೆಲಸ ಕಳೆದುಕೊಂಡ ಅಮೆರಿಕನ್ನರು. ಅಕ್ಕನ ಹಳೆಯ ಪ್ಲಾಂಟಿನ ಒಬ್ಬ ಭಾರೀ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕಾದವನು, ತನ್ನದನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿಕೊಂಡು ತರುತ್ತಿದ್ದ. ಅಕ್ಕನನ್ನು "ಬಾಸ್" ಅನ್ನುತ್ತಿದ್ದ. ಬೇಸಿಗೆಯಲ್ಲಿ ತನ್ನ ಹಿತ್ತಲಿನ ಟೊಮೇಟೊ ತಂದಿಡುತ್ತಿದ್ದ. ಅವನಿಗೆ ಇವರು ಕೊಡುತ್ತಿದ್ದ ಬೈಗುಳ ಮೈಸೂರಿನ ಇಂಗ್ಲಿಷಿನಲ್ಲಿರುತ್ತಿತ್ತು. ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ.

ಇದು ಆರೋಗ್ಯಕ್ಕೆ ಒಳ್ಳೆಯದು ಅಂತ ಅವರು ಯಾವತ್ತೂ ಹೇಳಿದವರಲ್ಲ. "ಇದೂ ಗಲೀಜೇ. ಅದಕ್ಕಿಂತ ಕಮ್ಮಿ ಗಲೀಜು ಇರಬಹುದು, ನನಗೇನು ಗೊತ್ತು. ನಿಧಾನಕ್ಕೆ ಇದನ್ನೂ ಬಿಡಿ" ಅನ್ನುತ್ತಿದ್ದರು. ನಾನು ಆ ವರ್ಷದ ಕೊನೆಗೆ ಎರಡನ್ನೂ ಬಿಟ್ಟೆ. ಹೇಳಿದಾಗ ಒಂದು ಶಹಬ್ಬಾಸ್‌ಗಿರಿಯೂ ಇಲ್ಲ. "ಹಾಗಾದ್ರೆ ನಿನ್ನದರ ಬ್ಯಾಟರಿ ವಾಪಸ್ ಕೊಡು, ಬೇರೆಯವರಿಗಾಗುತ್ತೆ" ಅಂದರು.

ಇಷ್ಟೆಲ್ಲ ಶುರುವಾದದ್ದು ಅವರ ಯಜಮಾನರಿಂದ. ಅವರನ್ನು ಎಲ್ಲರೂ ರಾಯರು ಅಂತಲೇ ಕರೆಯುತ್ತಿದ್ದರು. ರಾಯರು ಹೆಂಡತಿಗೆ ತದ್ವಿರುದ್ಧ. ನಕ್ಕರೆ ಪಾರ್ಟಿ ನಡೆಯುವ ಇಡೀ ಬೇಸ್‌ಮೆಂಟು ನಗುತ್ತಿತ್ತು. ಗಣೇಶನ ಹಬ್ಬದಲ್ಲಿ ದೇವರನಾಮ ಅವರೇ ಹಾಡಬೇಕು, ಹೊಸದಾಗಿ ಬಂದ ಸಂಸಾರಗಳಿಗೆ ಸೋಫಾ ಹೊರಲು ಅವರೇ ಹೋಗಬೇಕು. "ರಾಯರು ಅಷ್ಟು ಒಳ್ಳೆಯವರು, ಈಯಮ್ಮ ಯಾಕೆ ಹೀಗೆ?" ಎಂಬ ಮಾತನ್ನು ನಾನು ಎಷ್ಟು ಅಡುಗೆಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ.

ರಾಯರ ಕೆಲಸ ಹೆಂಡತಿಯದಕ್ಕಿಂತ ಮೊದಲೇ ಹೋಗಿತ್ತು. ಆ ವರ್ಷವೆಲ್ಲ ಅವರು ಗರಾಜಿನಲ್ಲಿ ಕುರ್ಚಿ ಹಾಕಿಕೊಂಡು ಒಂದಾದ ಮೇಲೊಂದು ಸಿಗರೇಟು ಸುಟ್ಟರು. ಅಕ್ಕ ಬೈದದ್ದಾಯಿತು, ಅತ್ತದ್ದೂ ಆಯಿತಂತೆ. ಇವರು ಅತ್ತದ್ದನ್ನು ನಾನು ಊಹಿಸಲಾರೆ, ಆದರೆ ಅವರೇ ಹೇಳಿದ್ದು. ಕೊನೆಗೆ ಇಂಟರ್ನೆಟ್ಟಿನಲ್ಲಿ ಓದಿ ಈ ಚೀನಾದ ಸಾಮಾನು ತರಿಸಿದರು. ಅದು ಕೆಟ್ಟಿತು, ಬಿಚ್ಚಿದರು, ಸರಿಮಾಡಿದರು. ಆ ಚಳಿಗಾಲ ರಾಯರು ಸಿಗರೇಟು ಮುಟ್ಟಲಿಲ್ಲ. ಪ್ರತಿ ವಾರ ಅವರ ತಂತಿ ಕಪ್ಪಾಗಿ ಬರುತ್ತಿತ್ತು, ಅಕ್ಕ ಅದನ್ನು ಬೈದುಕೊಂಡೇ ಚೊಕ್ಕ ಮಾಡುತ್ತಿದ್ದರು.

ಆಮೇಲೆ ರಾಯರಿಗೆ ಶಿಕಾಗೋ ಪಕ್ಕದ ಓಕ್ ಬ್ರೂಕಿನಲ್ಲಿ ಕೆಲಸ ಸಿಕ್ಕಿತು. ಮನೆ ಮಾರಿ ಆ ಕಡೆಗೆ ಹೋಗೋಣವೆಂದರೆ ಬ್ಯಾಂಕಿನ ಸಾಲದಷ್ಟು ಬೆಲೆಯೂ ಮನೆಗೆ ಬರುವ ಹಾಗಿರಲಿಲ್ಲ, ಆಗ ಯಾರ ಮನೆಗೂ ಬರುತ್ತಿರಲಿಲ್ಲ. ಹಾಗಾಗಿ ರಾಯರು ಆಫೀಸಿಗೆ ಹತ್ತಿರದ ಅರೋರಾದಲ್ಲಿ ಒಂದು ರೂಮು ಹಿಡಿದರು. ಭಾನುವಾರ ಸಾಯಂಕಾಲ ಐ-94 ಹೈವೇ ಹಿಡಿದು ಹೋಗುವುದು, ಶುಕ್ರವಾರ ರಾತ್ರಿಗೆ ಬರುವುದು. ಮಗನೂ ಶಿಕಾಗೋದಲ್ಲೇ ಓದುತ್ತಿದ್ದ. ಒಬ್ಬನೇ ಮಗ, ಇಲ್ಲೇ ಹುಟ್ಟಿ ಬೆಳೆದವನು. ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವನು. ಅಪ್ಪ ಅಂದರೆ ಪ್ರಾಣ. "ಅಪ್ಪನ ಮೇಲೆ ಒಂದು ಕಣ್ಣಿಟ್ಟಿರು" ಅಂತ ಅಕ್ಕ ಅವನಿಗೆ ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ರಾಯರು ಗರಾಜಿಗೆ ಬಂದು, ಒಂದು ಖಾಲಿ ಪೇಂಟ್ ಡಬ್ಬವನ್ನು ಬೋರಲು ಹಾಕಿ ಹೆಂಡತಿಯ ಪಕ್ಕ ಕೂರುತ್ತಿದ್ದರು. ಇವರು ವಾರಕ್ಕಾಗುವಷ್ಟು ಸಜ್ಜು ಮಾಡುತ್ತಿದ್ದರು: ಎರಡು ಬ್ಯಾಟರಿ, ಚೊಕ್ಕ ಮಾಡಿದ ತಂತಿ, ಒಂದು ಬಾಟಲಿ ದ್ರವ. ಅವರು ಆಫೀಸಿನ ಕಥೆ ಹೇಳುತ್ತಿದ್ದರು, ಇವರು "ಹ್ಞೂಂ" ಅನ್ನುತ್ತಿದ್ದರು. ನಾನು ಒಂದೆರಡು ಸಲ ಏನನ್ನೋ ಕೊಡಲು ಹೋಗಿ ಅದನ್ನು ನೋಡಿದ್ದೇನೆ. ಬಾಗಿಲಲ್ಲೇ ನಿಂತು, ಆಮೇಲೆ ಬಂದರಾಯಿತು ಅಂತ ಹಿಂದಿರುಗಿದ್ದೇನೆ.

ಕೆಲವು ತಿಂಗಳಾದ ಮೇಲೆ ಒಂದು ಸೋಮವಾರ ಅಕ್ಕ ನನಗೆ ಭೂತಗನ್ನಡಿ ಕೊಟ್ಟು, "ಇದನ್ನ ನೋಡು" ಅಂದರು. ತಂತಿಯ ಸುರುಳಿ ಹೊಸದಾಗಿ ಹೊಳೆಯುತ್ತಿತ್ತು.

"ಚೊಕ್ಕವಾಗಿದೆ" ಅಂದೆ.

"ಇವರಿಗೆ ಹೋದ ವಾರ ಕಳಿಸಿದ್ದು. ಬಾಟಲಿ ಖಾಲಿ ಬಂದಿದೆ, ತಂತಿಗೆ ಕರಿ ಹಿಡಿದಿಲ್ಲ." ಭೂತಗನ್ನಡಿಯನ್ನು ವಾಪಸು ತೆಗೆದುಕೊಂಡರು. "ಎಲ್ಲೋ ಸೋರ್ತಿರಬೇಕು. ಜೋರಾಗಿ ಕಾಯ್ತಾನೂ ಇಲ್ಲ. ಬ್ಯಾಟರಿ ಚಿಕ್ಕದಾಯ್ತು."

ನನಗೆ ಅವತ್ತೇ ಅರ್ಥವಾಗಿತ್ತು. ಅವರಿಗೂ ಆಗಿತ್ತೇನೋ. ಆದರೆ ಅವರು ಮೊದಲು ಅನುಮಾನಪಟ್ಟದ್ದು ತಮ್ಮ ಕೈಕೆಲಸದ ಮೇಲೆ. ಸೋರದ ಹಾಗೆ ಬೆಸುಗೆ ಹಾಕಿದರು. ಇನ್ನೂ ದಪ್ಪ ತಂತಿ ಸುತ್ತಿದರು. ಮುಂದಿನ ವಾರವೂ ಬಾಟಲಿ ಖಾಲಿ, ತಂತಿ ಹೊಸದು. ಟಾರ್ಚಿನ ದೊಡ್ಡ ಬ್ಯಾಟರಿ ಹಾಕಿದರು. ಅದೂ ಹಾಗೇ ಬಂತು. ಕೊನೆಗೆ, ಪೆಪ್ಪರ್‌ಮಿಂಟಿನ ಒಂದು ತಗಡಿನ ಡಬ್ಬಿಯಲ್ಲಿ ಎರಡು ಬ್ಯಾಟರಿ, ಹಳೆಯ ಕಂಪ್ಯೂಟರಿನಿಂದ ಕಿತ್ತ ಒಂದು ಗುಂಡಿ, ಬಿಸಿ ಹೆಚ್ಚಾದರೆ ತಾನೇ ನಿಂತುಹೋಗುವ ಒಂದು ಸರ್ಕಿಟ್ಟು, ಎಲ್ಲವನ್ನೂ ಕೂರಿಸಿ, ಅಂಚುಗಳನ್ನು ಬೆರಳಿಗೆ ತಾಗದ ಹಾಗೆ ಅರದಿಂದ ಉಜ್ಜಿ ಒಂದು ಹೊಸ ಯಂತ್ರ ಮಾಡಿದರು. ಅದನ್ನು ಎಳೆದು ನೋಡಿದ ಆ ಭಾರೀ ಆಳು ಕೆಮ್ಮಿ, ಕಣ್ಣೊರೆಸಿಕೊಂಡು, "ಬಾಸ್, ಇದು ಸಿಗರೇಟಿನ ಅಪ್ಪ" ಅಂದ. ಅವರು ಮಾಡಿದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು.

ಆ ಭಾನುವಾರ ರಾಯರು ಅದನ್ನು ಡೈನಿಂಗ್ ಟೇಬಲ್ಲಿನ ಮೇಲೆ ಮರೆತು ಹೋದರು.

ಮಂಗಳವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದರು. "ನಿನಗೆ ಇವತ್ತು ಇಂಟರ್‌ವ್ಯೂ ಏನಾದ್ರೂ ಇದೆಯಾ?"

"ಎಲ್ಲಕ್ಕೂ ಅಪ್ಲೈ ಮಾಡಿದೀನಿ, ಯಾರೂ ಕರೆದಿಲ್ಲ ಅಕ್ಕ."

"ಹಾಗಾದ್ರೆ ನನ್ನನ್ನ ಓಕ್ ಬ್ರೂಕಿಗೆ ಕರ್ಕೊಂಡು ಹೋಗು. ಹೈವೇಲಿ ನನಗೆ ಡ್ರೈವ್ ಮಾಡೋಕಾಗಲ್ಲ. ಕೇಳಿದವರಿಗೆ ಬಾಲಾಜಿ ದೇವಸ್ಥಾನಕ್ಕೆ ಅಂತ ಹೇಳೋಣ."

ಡಬ್ಬಿಯನ್ನು ಒಂದು ಕರವಸ್ತ್ರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತರು. ದಾರಿಯುದ್ದಕ್ಕೂ ಅವರಿಗೆ ವಿಚಿತ್ರವಾದ ಉತ್ಸಾಹ. ರಾಜ್ಯದ ಗಡಿ ದಾಟಿ ಗಡಿಯಾರ ಒಂದು ಗಂಟೆ ಹಿಂದೆ ಹೋದಾಗ, "ನೋಡು, ನಮ್ಮ ರಾಜ್ಯ ಕೆಲಸ ಕಿತ್ಕೊಳುತ್ತೆ, ಈ ಕಡೆಯವರು ಪುಕ್ಕಟೆ ಒಂದು ಗಂಟೆ ಕೊಡ್ತಾರೆ" ಅಂದರು. ಅವರ ಬಾಯಲ್ಲಿ ತಮಾಷೆ ಕೇಳಿದ್ದು ನನಗೆ ಅದೇ ಮೊದಲು.

ರಾಯರ ಆಫೀಸು ಗಾಜಿನ ಕಟ್ಟಡಗಳ ಒಂದು ದೊಡ್ಡ ಆವರಣದಲ್ಲಿತ್ತು. ಎಂಟ್ರೆನ್ಸ್ ಹುಡುಕುತ್ತ ನಾನು ಕಟ್ಟಡದ ಹಿಂಭಾಗದ ಪಾರ್ಕಿಂಗಿಗೆ ಹೋದೆ. ಊಟದ ಸಮಯ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಹಿಂಬಾಗಿಲ ಹತ್ತಿರ ಬೂದಿ ಹಾಕುವ ಕಂಬ, ಅದರ ಪಕ್ಕ ಇಬ್ಬರು ನಿಂತಿದ್ದರು. ಒಬ್ಬರು ರಾಯರು, ಕೋಟಿನ ಗುಂಡಿ ಹಾಕದೆ. ಇನ್ನೊಬ್ಬ ಅವರ ಮಗ. ಮಗ ಗಾಳಿಗೆ ಅಂಗೈ ಮರೆ ಮಾಡಿ ಅಪ್ಪನ ಸಿಗರೇಟು ಹಚ್ಚಿದ, ಆಮೇಲೆ ತನ್ನದನ್ನು ಹಚ್ಚಿಕೊಂಡ. ರಾಯರು ಏನೋ ಹೇಳಿದರು. ಇಬ್ಬರೂ ನಕ್ಕರು. ಮಗ ನಗುತ್ತ ಅಪ್ಪನ ಭುಜಕ್ಕೆ ಹಣೆ ಹಚ್ಚಿದ.

ನಾನು ಕಾರು ನಿಲ್ಲಿಸಿದೆ. ನಮ್ಮ ಮಧ್ಯೆ ಕಾರುಗಳ ಎರಡು ಸಾಲಿದ್ದವು, ಅವರಿಗೆ ನಾವು ಕಾಣುತ್ತಿರಲಿಲ್ಲ.

"ಹಾರ್ನ್ ಮಾಡ್ಲಾ ಅಕ್ಕ?"

"ಬೇಡ. ಊಟದ ಹೊತ್ತು, ಪಾಪ."

ಸಿಗರೇಟು ಮುಗಿಯುವವರೆಗೂ ನೋಡಿದರು. ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಪರೀಕ್ಷೆಗೆ ಬಂದ ಮೀಟರನ್ನು ನೋಡುವ ಹಾಗೆ ನೋಡಿದರು. ರಾಯರು ಒಳಗೆ ಹೋದ ಮೇಲೆ, "ಮನೇಲಿ ಹೀಗೆ ನಕ್ಕು ಎಷ್ಟು ದಿನ ಆಯ್ತು" ಅಂದರು. ಆಮೇಲೆ, "ದೇವಸ್ಥಾನಕ್ಕೆ ಹೋಗೋಣ ನಡಿ. ಹೇಳಿದ್ದು ಸುಳ್ಳಾಗೋದು ಬೇಡ."

ಅರೋರಾದ ದೇವಸ್ಥಾನದಲ್ಲಿ ಕೈ ಮುಗಿದು, ಕೆಳಗಡೆ ಕೂತು ಪುಳಿಯೋಗರೆ ತಿಂದೆವು. ಅವರು ತಟ್ಟೆ ಖಾಲಿ ಮಾಡಿದರು. ನಾನು ಅರ್ಧ ಬಿಟ್ಟೆ. ತಿರುಗಿ ಬರುವಾಗ ಅರ್ಧ ದಾರಿಯ ಕಾಲಮಜೂ ಊರು ದಾಟಿದೆವು. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದರು:

"ಅಪ್ಪನ ಮೇಲೆ ಕಣ್ಣಿಟ್ಟಿರು ಅಂತ ನಾನೇ ಹೇಳಿದ್ದೆ. ಇಟ್ಟಿದಾನೆ."

"ರಾಯರನ್ನ ಕೇಳ್ತೀರಾ?"

"ಏನಂತ? ಆ ಬಾಟಲಿನ ಪ್ರತಿ ವಾರ ಸಿಂಕಿಗೆ ಸುರೀತಿದಾರೆ ನೋಡು, ನನಗೆ ಬೇಜಾರಾಗಬಾರದು ಅಂತ. ಅಷ್ಟು ಶ್ರಮ ಪಡ್ತಿದಾರೆ." ಕರವಸ್ತ್ರದ ಗಂಟು ಬಿಚ್ಚಿ ಕಟ್ಟಿದರು. "ಕೇಳಿದ್ರೆ ಭಾನುವಾರ ಗರಾಜಿಗೆ ಬಂದು ಕೂರೋದು ನಿಲ್ಲುತ್ತೆ. ಆಮೇಲೆ ನಮಗಿಬ್ಬರಿಗೆ ಮಾತಾಡೋಕೆ ಏನಿದೆ ಹೇಳು?" ನನ್ನ ಕಡೆ ತಿರುಗಿ, "ನಾನಿರೋವರೆಗೂ ಇದು ನಿನ್ನ ಬಾಯಿಂದ ಬರಕೂಡದು" ಅಂದರು. ನಾನು ಹ್ಞೂಂ ಅಂದೆ.

ತಗಡಿನ ಡಬ್ಬಿಯನ್ನು ಮಾರನೆಯ ದಿನ ಆ ಭಾರೀ ಆಳಿಗೆ ಕೊಟ್ಟುಬಿಟ್ಟರು. ರಾಯರಿಗೆ ಹಳೆಯ ಚಿಕ್ಕದನ್ನೇ ಸಜ್ಜು ಮಾಡಿ ಕೊಡುವುದು ಮುಂದುವರಿಯಿತು. ಪ್ರತಿ ಭಾನುವಾರ, ಒಂದು ಸಲವೂ ಎಳೆಯದ ತಂತಿಯನ್ನು ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ಕೆಂಪಗೆ ಕಾಯಿಸಿ, ಮತ್ತೆ ಜೋಡಿಸುತ್ತಿದ್ದರು. ರಾಯರು ಡಬ್ಬದ ಮೇಲೆ ಕೂತು ನೋಡುತ್ತಿದ್ದರು. "ಎಷ್ಟು ಗಲೀಜು ಮಾಡ್ಕೊಂಡಿದೀರಿ" ಅಂತ ಅಕ್ಕ ಬೈಯುತ್ತಿದ್ದರು. ಅದನ್ನು ನನ್ನ ಕಿವಿಯಾರೆ ಕೇಳಿದ ದಿನ ನಾನು ಮನೆಗೆ ಬಂದು ನನ್ನ ಗಂಡನ ಮೇಲೆ ಕಾರಣವಿಲ್ಲದೆ ರೇಗಿದೆ.

ಕೆಲವು ವರ್ಷ ಹಾಗೇ ನಡೆಯಿತು. ಕಾರು ಕಂಪನಿಗಳು ಎದ್ದು ನಿಂತವು, ರಾಯರು ಡೆಟ್ರಾಯಿಟ್ ಕಡೆಗೆ ವಾಪಸು ಬಂದರು, ಬರುವಾಗ ಕೆಮ್ಮು ತಂದರು. ಪರೀಕ್ಷೆ ಮಾಡಿಸುವ ಹೊತ್ತಿಗೆ ಕ್ಯಾನ್ಸರ್ ಶ್ವಾಸಕೋಶದಿಂದ ಮೂಳೆಗೆ ಹೋಗಿತ್ತು. ಅಕ್ಕ ಆಸ್ಪತ್ರೆಯಲ್ಲಿ ಅವರ ಕಾಲು ಒತ್ತುತ್ತ ಕೂತಿರುತ್ತಿದ್ದರು. ಅಲ್ಲಿಯಾದರೂ ರಾಯರು ಹೇಳಿಯಾರು ಅಂತ ನಾನು ಕಾಯುತ್ತಿದ್ದೆ. ರಾಯರು ಬಂದವರನ್ನೆಲ್ಲ ನಗಿಸುತ್ತ ಇದ್ದರು. ಹೇಳದೆಯೇ ಹೋದರು.

ವೈಕುಂಠ ಸಮಾರಾಧನೆಯ ದಿನ ಸಭಾಂಗಣದಲ್ಲಿ ಜನ ಕಿಕ್ಕಿರಿದಿದ್ದರು. ರಾಯರನ್ನು ಪ್ರೀತಿಸದವರು ಯಾರು? ಊಟದ ಸಾಲಿನಲ್ಲಿ ನಮ್ಮ ಕಡೆಯ ಒಬ್ಬ ಹಿರಿಯ ಡಾಕ್ಟರು, ಎಲ್ಲರಿಗೂ ಕೇಳಿಸುವ ಹಾಗೆ, ಕನಿಕರದಿಂದಲೇ ಹೇಳಿದರು: "ನೀವು ಒಳ್ಳೇ ಉದ್ದೇಶದಿಂದಲೇ ಮಾಡಿರ್ತೀರಮ್ಮ. ಆದ್ರೆ ಮನೇಲಿ ತಯಾರಿಸಿದ ಆ ಕೆಮಿಕಲ್ ಹೊಗೆನ ಅಷ್ಟು ವರ್ಷ ಎಳೆಸಬಾರದಿತ್ತು. ಸಿಗರೇಟೇ ವಾಸಿಯಿತ್ತೇನೋ."

ಪಕ್ಕದ ಬಾಗಿಲಿನಿಂದ ಬಂದು ಹೋಗಿದ್ದವರು ಅಲ್ಲಲ್ಲಿ ಕೂತಿದ್ದರು. ಮಾಜಿ ಅಧ್ಯಕ್ಷರು ಅನ್ನಕ್ಕೆ ಸಾರು ಕಲಸಿದರು. ಮಗ ಎರಡು ಕುರ್ಚಿ ಆಚೆ ಕೂತಿದ್ದ. ಅಕ್ಕ ತಿರುಗಿ ಅವನನ್ನು ಒಮ್ಮೆ ನೋಡಿದರು. ಅವನು ಎಲೆಯ ಕಡೆ ನೋಡುತ್ತಿದ್ದ, ತಲೆ ಎತ್ತಲಿಲ್ಲ. ನಾನು ಎದ್ದೆ. ಅಕ್ಕ ನನ್ನ ಸೆರಗು ಹಿಡಿದು ಕೂರಿಸಿದರು.

"ಹೌದು ಡಾಕ್ಟ್ರೇ" ಅಂದರು. "ಇನ್ನೊಂದು ಚೂರು ಅನ್ನ ಹಾಕಿಸ್ಕೊಳ್ಳಿ."

ಪಾತ್ರೆ ತೊಳೆಯುವಾಗ ನಾನು ಅಳುತ್ತಿದ್ದೆ, ಅವರು ಅಳುತ್ತಿರಲಿಲ್ಲ. "ಅವನಾದರೂ ಒಂದು ಮಾತು ಹೇಳಬಹುದಿತ್ತಲ್ಲ ಅಕ್ಕ. ಅವನಿಗೆ ಗೊತ್ತು."

"ಗೊತ್ತು. ಅದಕ್ಕೇ ಹೇಳಲಿಲ್ಲ." ಸಾರಿನ ಪಾತ್ರೆಯ ತಳ ತಿಕ್ಕುತ್ತಲೇ ಇದ್ದರು. "ಅಮ್ಮನ ಮೇಲೆ ಹಾಕಿದ್ರೆ ಅವನು ರಾತ್ರಿ ನಿದ್ದೆ ಮಾಡಬಹುದು. ಅದನ್ನೂ ಕಿತ್ಕೊಂಡ್ರೆ ತನ್ನ ಮೇಲೆ ತಾನೇ ಬೀಳ್ತಾನೆ. ನನಗೆ ಇರೋನು ಒಬ್ಬನೇ."

ಆಮೇಲೆ ಗರಾಜಿನ ಪಕ್ಕದ ಬಾಗಿಲಿಗೆ ಬೀಗ ಬಿತ್ತು. ನಮ್ಮವರು ಯಾರೂ ಆ ಕಡೆ ಸುಳಿಯಲಿಲ್ಲ. ಅಷ್ಟರಲ್ಲಿ ಊರಿಗೊಂದು ವೇಪ್ ಅಂಗಡಿಯೂ ಬಂದಿತ್ತು. ಆ ಭಾರೀ ಆಳು ಮಾತ್ರ ಮುಂದಿನ ಬಾಗಿಲು ತಟ್ಟಿ, ಟೊಮೇಟೊ ಇಟ್ಟು, ಬಾಸ್ ಹೇಗಿದ್ದೀರಿ ಅಂತ ಕೇಳಿಕೊಂಡು ಹೋಗುತ್ತಿದ್ದ. ಅವನಿಗೆ ಕಾಫಿ ಸಿಗುತ್ತಿತ್ತು.

ಮಗನಿಗೆ ಶಿಕಾಗೋದಲ್ಲೇ ಕೆಲಸ, ಮದುವೆ, ಎರಡು ಮಕ್ಕಳು. ಥ್ಯಾಂಕ್ಸ್‌ಗಿವಿಂಗಿಗೆ ಒಂದು ವರ್ಷ ಬಂದರೆ ಇನ್ನೊಂದು ವರ್ಷ ಇಲ್ಲ. ಒಂದು ಸಲ ಅವರು ಬಂದಾಗ ನಾನೂ ಅಲ್ಲಿದ್ದೆ. ಅಕ್ಕ ಮತ್ತು ನಾನು ಅಡುಗೆಮನೆಯಲ್ಲಿ ಅವರೆಕಾಳು ಹಿದುಕುತ್ತಿದ್ದೆವು. ಮಕ್ಕಳು ಗರಾಜಿನ ಕಡೆ ಓಡಿದವು. ಅವನು ಹೆಂಡತಿಗೆ ಇಂಗ್ಲಿಷಿನಲ್ಲಿ ಹೇಳಿದ: "ಅವರನ್ನು ಅಲ್ಲಿಗೆ ಬಿಡಬೇಡ. ಅಪ್ಪನ ಆ ಸಾಮಾನುಗಳನ್ನೆಲ್ಲ ಅಮ್ಮ ಮಾಡುತ್ತಿದ್ದದ್ದು ಅಲ್ಲೇ." ಅಮ್ಮನಿಗೆ ಕೇಳಿಸುತ್ತದೆ ಅನ್ನುವ ಎಗ್ಗೂ ಇರಲಿಲ್ಲ. ಇಷ್ಟು ವರ್ಷ ಹೇಳಿಕೊಂಡು ಹೇಳಿಕೊಂಡು ಅವನಿಗೆ ಅದೇ ನಿಜವಾಗಿಬಿಟ್ಟಿತ್ತೋ ಏನೋ. ಅಕ್ಕನ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ನನ್ನ ಕಡೆ ಒಂದು ಹಿಡಿ ಕಾಳು ತಳ್ಳಿ, "ಬೇಗ ಬೇಗ ಮಾಡು, ಮಕ್ಕಳಿಗೆ ಹಸಿವಾಗಿದೆ" ಅಂದರು.

ಹೋದ ತಿಂಗಳು ಅವರು ನಿದ್ದೆಯಲ್ಲೇ ಹೋದರು. ಕೆಲಸದವರಿಲ್ಲ, ನೆಂಟರಿ‌ಲ್ಲ. ಎರಡು ದಿನ ಫೋನ್ ಎತ್ತಲಿಲ್ಲವೆಂದು ನಾನು ಹೋಗಿ ನೋಡಿದೆ. ಅಂತ್ಯಕ್ರಿಯೆಗೆಂದು ಫ್ಯೂನರಲ್ ಹೋಮಿಗೆ ಮೂವತ್ತು ಜನರೂ ಬಂದಿರಲಿಲ್ಲ. ರಾಯರ ಸಮಾರಾಧನೆಗೆ ಬಂದವರೆಲ್ಲ ವಾಟ್ಸಾಪಿನಲ್ಲಿ ಕೈ ಮುಗಿದು ಮುಗಿಸಿದ್ದರು. ಹಿಂದಿನ ಸಾಲಿನಲ್ಲಿ ಆ ಭಾರೀ ಆಳು, ಈಗ ಕೋಲು ಹಿಡಿದು ನಡೆಯುವವನು, ಟೈ ಕಟ್ಟಿಕೊಂಡು ಬಂದು ಕೂತಿದ್ದ.

ಮಗ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ಅಪ್ಪನ ಹಾಗೆ ಅವನಿಗೂ ಸಭೆ ಹಿಡಿಯಲು ಬರುತ್ತದೆ. ಅಮ್ಮ ಬಹಳ ಗಟ್ಟಿಗಿತ್ತಿ, ನಗುವುದು ಕಡಿಮೆ ಅಂದ. ಕೊನೆಯಲ್ಲಿ ಅವನ ದನಿ ಗದ್ಗದವಾಯಿತು. "ಅಪ್ಪನನ್ನು ಉಳಿಸಿಕೊಳ್ಳಲು ಅವಳು ತನಗೆ ತೋಚಿದ್ದನ್ನೆಲ್ಲ ಮಾಡಿದಳು. ಅದರಿಂದ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಅವಳಿಗೆ ಗೊತ್ತಿರಲಿಲ್ಲ. ನಾನು ಅವಳನ್ನು ಎಂದೋ ಕ್ಷಮಿಸಿದ್ದೇನೆ." ಮುಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು.

ಪಾರ್ಕಿಂಗಿನಲ್ಲಿ ಅವನು ಒಬ್ಬನೇ ಸಿಕ್ಕಿದ. ಅಮ್ಮನನ್ನು ನೋಡಿಕೊಂಡಿದ್ದಕ್ಕೆ ಥ್ಯಾಂಕ್ಸ್ ಅಂದ. ನಾನು ಅಕ್ಕನಿಗೆ ಕೊಟ್ಟ ಮಾತು ಅಕ್ಕ ಇರುವವರೆಗೆ. ಅವನಿಗೆ ತಪ್ಪಿಲ್ಲದೆ ತಿಳಿಯಲಿ ಅಂತ ಇಂಗ್ಲಿಷಿನಲ್ಲೇ ಹೇಳಿದೆ.

"ನಿನ್ನ ಅಮ್ಮನಿಗೆ ಗೊತ್ತಿತ್ತು. ನಿಮ್ಮಿಬ್ಬರನ್ನೂ ಕಣ್ಣಾರೆ ನೋಡಿದರು. ಓಕ್ ಬ್ರೂಕಿನಲ್ಲಿ, ಆಫೀಸಿನ ಹಿಂದುಗಡೆ. ಕಾರು ಓಡಿಸಿದ್ದು ನಾನು. ನೀನು ಅಪ್ಪನ ಸಿಗರೇಟು ಹಚ್ಚುತ್ತಿದ್ದೆ."

ಅವನು ಇಲ್ಲ ಅನ್ನಲಿಲ್ಲ. ಮುಖದ ಬಣ್ಣ ಇಳಿಯಿತು. ಒಂದೇ ಮಾತು ಕೇಳಿದ.

"ಯಾವ ದಿನ?"

ನಾವು ನೋಡಿದ್ದು ಒಂದೇ ದಿನ. ಹೇಳಬಹುದಿತ್ತು. ಅವನು ಒಂದೊಂದೇ ದಿನವನ್ನು ನೆನಪಿಗೆ ತಂದುಕೊಂಡು, ಇದಿರಬಹುದೇ, ಅದಿರಬಹುದೇ ಅಂತ ಹುಡುಕುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಹುಡುಕಲಿ ಅಂತ ಬಿಟ್ಟು ಬಂದೆ.